ಸಂದು

ಮೂವತ್ತೆಂಟು ವರ್ಷ ಮಂಡಿಯೂರಿದ್ದೇನೆ,
ದೇವರ ಮುಂದಲ್ಲ; ಲಿಸ್ಬನ್ನಿನ ಕಾಲುದಾರಿಗಳ ಮೇಲೆ,
ಬಿಳಿಗಲ್ಲಿಗೆ ಕರಿಗಲ್ಲು ಹೊಂದಿಸುತ್ತಾ.

ಎಕ್ಸ್‌ರೇ ಹಿಡಿದು ಡಾಕ್ಟರ್ ಲುರ್ದೆಸ್ ತೋರಿಸಿದರು:
ಇಲ್ಲೊಂದು ಸಂದು ಇರಬೇಕಿತ್ತು, ಅಡೆಲಿನೊ. ಮೆತ್ತೆ ಸವೆದಿದೆ.
ಸಂದಿನ ಪಾಠ, ನನಗೇ!
ಮರಳಿಲ್ಲದೆ ಕಲ್ಲಿಗೆ ಕಲ್ಲು ತಾಗಿದರೆ
ಅಂಚು ಒಡೆಯುತ್ತದೆಂದು
ಎಷ್ಟು ಹುಡುಗರಿಗೆ ಬೈದಿಲ್ಲ ನಾನು.

ಹೊಸ ಮರಳು ತುಂಬಲು ಬರುವುದಿಲ್ಲವಂತೆ.
ಕೂತೇ ಇದ್ದರೆ ಕೀಲು ಇನ್ನಷ್ಟು ಹಿಡಿಯುತ್ತದಂತೆ.
ತೊಡೆ ಗಟ್ಟಿಯಾದರೆ ಮಂಡಿಯ ಹೊರೆ ಇಳಿಯುತ್ತದಂತೆ.

ಬೆಳಿಗ್ಗೆ ಅಡುಗೆಮನೆಯ ಕುರ್ಚಿಯಿಂದ
ಹತ್ತು ಸಲ ಏಳುತ್ತೇನೆ, ಕೈ ಊರದೆ.
ಏಳನೆಯದಕ್ಕೆ ಬೈಗುಳ ಬರುತ್ತದೆ.
ಬೆಕ್ಕು ಎಣಿಸುತ್ತದೆ.

ಆಮೇಲೆ ನಡಿಗೆ,
ಇಳಿಜಾರು ಬಿಟ್ಟು, ನಾನೇ ಹಾಸಿದ ಅಲೆಗಳ ಮೇಲೆ.
ಇವತ್ತು ಒಂದು ಕಲ್ಲು ಸಡಿಲ.
ಬಗ್ಗಲಿಲ್ಲ.
ಕೋಲಿನ ತುದಿಯಿಂದ ತಟ್ಟಿ ಕೂರಿಸಿದೆ.