ಓಗೊಟ್ಟವರು ಯಾರು

ವಾಸ್ಕೋದ ಖಾರಿವಾಡ ಜೆಟ್ಟಿ, ಐಸ್ ಕಾರ್ಖಾನೆ.
ಬೆಳಗಿನ ಐದಕ್ಕೆ ನೆಟ್ ಹೋಯಿತು.
ಬಿಲ್ಲು ಬರದೆ ಐಸು ಹೊರಡುವುದಿಲ್ಲ,
ಐಸಿಲ್ಲದೆ ಬಂಗಡೆ ಕಾಯುವುದಿಲ್ಲ.

ಕಾಯ್ತಾನ್ ನನ್ನ ಕೈಗೆ ಟೆಸ್ಟರ್ ಕೊಟ್ಟು
ಮೆಟ್ಟಿಲ ಮೇಲೆ ಕೂತ, ಪಾವ್ ಮುರಿಯುತ್ತ:
"ಇವತ್ತು ನೀನೇ ನೋಡು, ನೀಲವ್ವ.
ನಾನು ಸತ್ತಿದ್ದೇನೆ ಅಂತ ತಿಳಿ."

ಬೈನಾದಲ್ಲಿ ಒಂದು ಕಾಲಕ್ಕೆ ನನ್ನದು ಎಸ್‌ಟಿಡಿ ಬೂತು.
ಕುಷ್ಟಗಿ, ಇಳಕಲ್, ಗಜೇಂದ್ರಗಡ,
ಕೋಡುಗಳೆಲ್ಲ ಬಾಯಿಪಾಠ.
ಲೈನು ಸರಿಯಿಲ್ಲದಿದ್ದರೆ
ಇನ್ನೂ ಜೋರಾಗಿ ಕೂಗುವುದು,
ಅಷ್ಟೇ ಗೊತ್ತಿದ್ದ ರಿಪೇರಿ.

ಕೂಗಬೇಡ, ಕೆಳಗಿನಿಂದ ಶುರು ಮಾಡು ಅನ್ನುತ್ತಾನೆ ಇವನು.
ಮೊದಲು ತಂತಿ.
ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು,
ನೀಲಿ, ಬಿಳಿನೀಲಿ, ಹಸಿರು,
ಬಿಳಿಕಂದು, ಕಂದು.
ಹಸಿರಿನ ಜೋಡಿಯನ್ನು ಅಗಲಿಸಿ
ನೀಲಿ ಯಾಕೆ ನಡುವೆ ಕೂತಿದೆ ಅಂತ ಕೇಳಿದ್ದೆ ಮೊದಲ ವಾರ.
"ಅದು ಹಳೇ ಟೆಲಿಫೋನಿನ ಜಾಗ. ನಿನ್ನದೇ.
ಯಾರೂ ಎಬ್ಬಿಸಿಲ್ಲ."

ತಂತಿ ಸರಿ ಇತ್ತು. ಎಂಟೂ ದೀಪ ಹತ್ತಿದವು.

ಆಮೇಲೆ, ಬೇರೆಯವರನ್ನು ಕರೆಯುವ ಮೊದಲು
ನಿನ್ನನ್ನೇ ಕರೆ:
ನೂರಾ ಇಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು.
ಪ್ರತಿ ಯಂತ್ರವೂ ತನ್ನನ್ನು ತಾನು ಕರೆಯುವ ನಂಬರು.
ಬಿಲ್ಲಿನ ಕಂಪ್ಯೂಟರ್ ನಾಲ್ಕು ಸಲವೂ ಹೂಂ ಅಂದಿತು.
ಹೊಸ್ತಿಲನ್ನು ಕರೆದರೆ
ಎರಡು ಸಲ ಹೂಂ, ಎರಡು ಸಲ ಮೌನ.

ಪೂರ್ತಿ ಸತ್ತಿದ್ದರೆ ಸುಲಭವಿತ್ತು.

ಬಾಗಿಲಲ್ಲಿ ಬಲೆ ಹೊಲಿಯುವ ಮಿಂಗೆಲ್
ಸೂಜಿ ನಿಲ್ಲಿಸದೆ ಅಂದ:
"ನಮ್ಮದು ಹರಿದರೆ ತೂತು ಕಾಣ್ತದೆ, ಬಾಯಿ.
ನಿಮ್ಮದು?"

ಬಿಲ್ಲಿನ ಕಂಪ್ಯೂಟರಿನ ತಂತಿ ಕಿತ್ತೆ.
ನನ್ನ ಲ್ಯಾಪ್‌ಟಾಪಿನಿಂದ ಅದರ ನಂಬರು ಕರೆದೆ,
ಕೊನೆಗೆ ಇಪ್ಪತ್ತು.
ಮನೆಯಲ್ಲಿ ಇಲ್ಲದವನು
ಹೂಂ ಅಂದ.

ಬೈನಾದಲ್ಲಿ ಇಬ್ಬರು ಹನುಮವ್ವ ಇದ್ದರು, ಒಂದೇ ಓಣಿ.
ಹಡಗಿನಿಂದ ಗಂಡನ ಫೋನು;
ಕರೆತರಲು ಹುಡುಗನನ್ನು ಓಡಿಸಿದೆ.
ಇನ್ನೊಬ್ಬ ಹನುಮವ್ವ ಬಂದಳು.
ಗರಗರ ಸದ್ದಿನ ನಡುವೆ ಮೂರು ನಿಮಿಷ ಮಾತಾಡಿದಳು,
ಉಂಡ್ಯಾ, ಮೈಯಾಗ ಆರಾಮ ಅದಿಯಾ, ಯಾವಾಗ ಬರ್ತಿ.
ಇಬ್ಬರಿಗೂ ಗೊತ್ತಾಗಲಿಲ್ಲವೋ,
ಗೊತ್ತಾಗಿಯೂ ಇಡಲಿಲ್ಲವೋ.
ಮೀಟರ್ ಓಡುತ್ತಿತ್ತು. ನಾನೂ ಸುಮ್ಮನಿದ್ದೆ.

ಹರಾಜಿನ ಶೆಡ್ಡಿನಲ್ಲಿ ನಿನ್ನೆ ಕ್ಯಾಮೆರಾ ಹಾಕಿದವನು
ಖಾಲಿ ಇದೆಯಾ ಅಂತ ಕೇಳದೆ
ಕೈಯಾರೆ ಇಪ್ಪತ್ತು ಬರೆದು ಹೋಗಿದ್ದ.
ಅದಕ್ಕೆ ನಲವತ್ತೊಂದು ಕೊಟ್ಟೆ.
ತಂತಿ ಮತ್ತೆ ಚುಚ್ಚಿ ಹೊಸ್ತಿಲನ್ನು ಕರೆದೆ.
ನಾಲ್ಕಕ್ಕೆ ನಾಲ್ಕು.

ಪ್ರಿಂಟರ್ ಕಿರುಗುಟ್ಟಿತು,
ಐಸಿನ ಮೊದಲ ದಿಮ್ಮಿ ಹಲಗೆಯ ಮೇಲೆ ಜಾರಿತು.
ನೋಟುಬುಕ್ಕಿನಲ್ಲಿ ಬರೆದುಕೊಂಡೆ:
ಉತ್ತರ ಬಂತು ಅಂದರೆ
ಅವನೇ ಕೊಟ್ಟ ಅಂತಲ್ಲ.

ಮೆಟ್ಟಿಲ ಮೇಲಿಂದ ಕಾಯ್ತಾನ್:
"ಸತ್ತವನಿಗೆ ಒಂದು ಚಹಾ ಹೇಳು."