ನಲವತ್ತಕ್ಕೆ ಕಮ್ಮಿ

ಶುಕ್ರವಾರ ರಾತ್ರಿ ಕೊನೇ ಲಾರಿ ಹೋಯಿತು.
ಭಾನುವಾರ ನಮಗೆ ರಜೆ ಅಂದರು.
ಇಪ್ಪತ್ತೆರಡು ದಿನ ನಾನು ಎಣಿಸಿದ್ದು ಒಂದೇ ಲೆಕ್ಕ:
ಹತ್ತು ಮೇಲೆ, ಹತ್ತು ಕೆಳಗೆ,
ಸುತ್ತ ರಟ್ಟು, ಬುಡಕ್ಕೊಂದು ರಬ್ಬರು.
ಕನಸಲ್ಲಿ ಕುರಿ ಬಂದರೂ
ಇಪ್ಪತ್ತಕ್ಕೆ ಕಟ್ಟಿ ಪಕ್ಕಕ್ಕಿಡುತ್ತಿದ್ದೆ.

ನಮ್ಮೂರ ಹೆಸರೂ ತಳಿ, ಹೂವಿಗೂ ತಳಿ.
ಶೆಡ್ಡಿನಲ್ಲಿ ಯಾರಾದರೂ ತಳಿ ಯಾವುದು ಅಂತ ಕೇಳಿದರೆ
ಅಲಮೇಲಕ್ಕ ಎದೆ ಮುಟ್ಟಿಕೊಂಡು
ನಮ್ದೇ ಅನ್ನುತ್ತಾಳೆ.

ಏಳೂವರೆಗೇ ಬಾಗಿಲಲ್ಲಿ ಗಲಾಟೆ.
ನನ್ನ ಮೇಘಶ್ರೀ, ಅವಳ ತಮ್ಮ ಲೋಹಿತ,
ಎದುರುಮನೆ ಯಾಳಿನಿ.
ಮೂವರಿಗೆ ಒಂದೇ ಕತ್ತರಿ, ಅದೂ ಮೊಂಡು.
ನಾನು ಹೊತ್ತು ತಂದ ಚೀಲವನ್ನು ಅಂಗಳಕ್ಕೆ ಸುರಿದರು:
ನೆಂದು ಸೊಟ್ಟಗಾದ ರಟ್ಟು, ಹರಿದ ಪೆಟ್ಟಿಗೆ,
ಮೊಗ್ಗಿಗೆ ತೊಡಿಸುವ ಬಲೆ ಟೋಪಿ,
ನಲವತ್ತು ಸೆಂಟಿಮೀಟರಿಗೆ ಎರಡು ಬೆರಳು ಕಮ್ಮಿಯಾಗಿ
ವಿಮಾನ ತಪ್ಪಿಸಿಕೊಂಡ ಹೂಗಳು.

ಹದಿನಾಲ್ಕು ಕಾದಲರ್ ದಿನ, ಅಂದಳು ಯಾಳಿನಿ,
ಟಿವಿಯಲ್ಲಿ ಹೇಳಿದಾರೆ.
ಕಾದಲ್ ಅಂದ್ರೆ ಏನೇ? ಲೋಹಿತ ಕೇಳಿದ.
ನನ್ನ ಮಗಳು ರಟ್ಟಿನಿಂದ ತಲೆ ಎತ್ತಲಿಲ್ಲ.
ಕಾಯೋದು ಕಣೋ.
ನಾವು ದಿನಾ ಸಂಜೆ ಬಸ್ಟಾಪಲ್ಲಿ ಅಮ್ಮಂಗೆ ಕಾದಲ್ವ, ಅದು.

ಯಾಳಿನಿ ನಗಲಿಲ್ಲ. ನಾನೂ ತಿದ್ದಲಿಲ್ಲ.
ಒಲೆ ಮೇಲೆ ಸಾರು ಉಕ್ಕಿತು, ಹೋಗಿ ಇಳಿಸಿ ಬಂದೆ.

ಹೃದಯ ಕತ್ತರಿಸೋಕೆ ಅರಳಿ ಎಲೆ ಇಟ್ಟು ಗೆರೆ ಎಳೆದರು.
ಬಾಲ ಕತ್ತರಿಸಬೇಕು ಅಂತ ಒಬ್ಬಳು,
ಬಾಲ ಇದ್ರೇ ಚೆಂದ ಅಂತ ಇನ್ನೊಬ್ಬಳು.
ಲೋಹಿತನದು ಮಾತ್ರ ಹಿದುಕಿದ ಅವರೇಕಾಳಿನ ಹಾಗೆ ಬಂತು.
ಅಳೋಕೆ ಮುಖ ಮಾಡಿದವನು
ಪೆಟ್ಟಿಗೆ ಮೇಲೆ ಅಚ್ಚಾದ ಬಾಣ ತನ್ನ ಕಾಳಿನ ನಡುವೆಯೇ
ಬಂದು ಕೂತದ್ದು ಕಂಡು ಕುಣಿದ.
ಈ ಕಡೆ ಮೇಲೆ, ಜೋಪಾನ, ಅನ್ನುವ ಬಾಣ ಅದು.
ಸಿನಿಮಾದಲ್ಲಿ ಇರೋ ಥರಾನೇ!
ಅಂಟಿಗೆ ನಿನ್ನೆಯ ಅನ್ನದ ಅಗುಳು,
ಹೊಳಪಿಗೆ ಬಿಸ್ಕತ್ತಿನ ಕಾಗದ,
ಉಳಿದ ಬಲೆ ಟೋಪಿ ಕೋಳಿಮರಿಗೆ.
ಅದು ತಲೆ ಕೊಡವುತ್ತಾ ಬೇಲಿ ಸಂದಿಗೆ ಓಡಿತು.
ಅಂಗಳವೆಲ್ಲ ದಳ. ಗುಡಿಸಬೇಡ ಅಂದರು.

ಯಾರಿಗೋ ಇದು ಅಂದೆ.
ಯಾಳಿನಿದು ಮುಂದಿನ ಬೆಂಚಿನ ಟೀಚರಮ್ಮನಿಗೆ.
ಲೋಹಿತನದು ಕಂಡಕ್ಟರಿಗೆ.
ಯಾಕೋ?
ಅವರೇ ತಾನೆ ನಿನ್ನ ತಂದು ಕೊಡೋದು.

ಮೇಘಶ್ರೀ ತೋರಿಸಲಿಲ್ಲ.
ಬೆನ್ನ ಹಿಂದೆ ಇಟ್ಟುಕೊಂಡು ಗೋಡೆಗೆ ಒರಗಿದಳು.
ಸ್ಕೂಲಲ್ಲಿ ಅವಳಿಗೆ ತಮಿಳು.
ಕನ್ನಡ ಕಲಿತದ್ದು ನನ್ನ ಹತ್ತಿರ,
ರಾತ್ರಿ ಡಬ್ಬಿ ಮುಚ್ಚಳದ ಮೇಲೆ, ಇದ್ದಿಲಲ್ಲಿ.
ಈ ಇಪ್ಪತ್ತೆರಡು ದಿನ ಅದೂ ಇಲ್ಲ.
ಕೊನೆಗೆ ಕೊಟ್ಟಳು. ಕಡ್ಡಿ ಮುರಿದು ಮುರಿದು
ಅಕ್ಷರ ಜೋಡಿಸಿದ್ದಾಳೆ:
ಅಮ್ಮಂಗೆ ಪ್ರಿತಿ.

ದೀರ್ಘ ಎಲ್ಲಿ ಹೋಯ್ತೇ?
ಜಾಗ ಸಾಲಲಿಲ್ಲ, ಅಂದಳು. ಆಮೇಲೆ, ಮರೆತೆ, ಅಂದಳು.

ರಾಶಿಯಲ್ಲಿ ಹುಡುಕಿದೆ.
ಕತ್ತು ಬಗ್ಗಿದ್ದನ್ನು ಮೇಸ್ತ್ರಿ ಕಣ್ಣೆತ್ತದೇ ಎಸೆಯುತ್ತಾನೆ,
ನಾನೂ ಎಷ್ಟು ಎಸೆದಿದ್ದೇನೋ.
ಒಂದು ಸಿಕ್ಕಿತು. ಹೂ ಉದುರಿ, ಕತ್ತಷ್ಟೇ ಉಳಿದು,
ತಾನಾಗಿಯೇ ಸುತ್ತಿಕೊಂಡಿತ್ತು.
ಎರಡು ಅಗುಳು ಹಚ್ಚಿ ಪ್ರಿ ಪಕ್ಕ ಒತ್ತಿದೆ.
ಮುಳ್ಳು ಚುಚ್ಚಿತು, ಹಳೇ ತೂತಿಗೇ.
ಮಗಳು ಓದಿದಳು, ಎಳೆದು ಎಳೆದು,
ಉಸಿರು ಇರುವಷ್ಟು ಹೊತ್ತು,
ಬೇಕೆಂದೇ.

ರಾತ್ರಿ ನೋಡಿದರೆ ಅಗುಳಿಗೆ ಇರುವೆ ಸಾಲು.
ಚಾಪೆ ಮೇಲೆ ಮೊಣಕೈ ಊರಿ ಎಣಿಸುತ್ತಾ ಕೂತೆ.
ಹತ್ತೊಂಬತ್ತು, ಇಪ್ಪತ್ತು,
ಇಪ್ಪತ್ತೊಂದು.