ಅಂದಿತೇನೋ

ಕಲ್ಲಿದ್ದಲ ಲಾರಿಗಳು ಗೋಬಿಯನ್ನು ಸೀಳಿಕೊಂಡು
ಗಡಿಗೆ ಹೋಗುವ ದಾರಿಯಲ್ಲಿ ನಮ್ಮ ಟೈರ್ ಅಂಗಡಿ.
ತುಕ್ಕು ಹಿಡಿದ ಕಂಟೇನರು, ಒಂದು ಒಲೆ,
ಹೊರಗೆ ಮೈನಸ್ ಇಪ್ಪತ್ತಾರು.

ಒಡತಿ ದುಲಮ್‌ಸುರೆನ್. ಮಾತೆಲ್ಲ ಕೂಗು.
ಇಪ್ಪತ್ತೆರಡು ವರ್ಷ ಬರಿಗಿವಿಯಲ್ಲಿ ಏರ್ ಗನ್ ಹಿಡಿದವಳು.
ಈಗಿವು ಟೋಪಿ ನಿಲ್ಲಿಸುವ ಗೂಟ ಅಷ್ಟೇ, ಅನ್ನುತ್ತಾಳೆ
ಕಿವಿ ಮುಟ್ಟಿಕೊಂಡು, ನಕ್ಕು.
ಮೊದಲ ದಿನ ನನ್ನ ಕೈಗೆ ಗನ್ ಕೊಡಲಿಲ್ಲ.
ಕಿತ್ತಳೆ ಬಣ್ಣದ ಕಿವಿಮುಚ್ಚಿಗೆಯೊಂದನ್ನು ತಲೆಗೇರಿಸಿ
ಮೇಲೆ ಎರಡು ಸಲ ಕುಟ್ಟಿದಳು,
ಡಬ್ಬಿಗೆ ಮುಚ್ಚಳ ಕೂರಿಸುವ ಹಾಗೆ.

ಸಂಜೆ, ಕಂಪ್ರೆಸರು ಬಿಸಿಯಿರುವಾಗಲೇ
ಅಡಿಯ ತಿರುಪು ಸಡಿಲಿಸಿ ನೀರು ಬಸಿಯಬೇಕು.
ಇಲ್ಲಿನ ಗಾಳಿ ಇಷ್ಟು ಒಣ, ನೀರೆಲ್ಲಿಂದ ಬಂತು? ಅಂದೆ.
ಹೀಗೆ ಒತ್ತಿದರೆ ಯಾರಿಗೂ ಬರುತ್ತೆ, ಅಂದಳು.
ಒಂದು ಸಂಜೆ ಮರೆತೆ.
ಮರುದಿನ ಗನ್ ಒಮ್ಮೆ ಕೆಮ್ಮಿತು,
ಮೂತಿಯ ಸುತ್ತ ಹಿಮ ಕಟ್ಟಿ ಸುಮ್ಮನಾಯಿತು.
ಮೂರು ಲಾರಿ ಸಾಲಿನಲ್ಲಿ, ಮೂರು ಬಗೆಯ ಬೈಗುಳ.
ಅವಳು ಎಲ್ಲರಿಗೂ ಉಪ್ಪು ಹಾಕಿದ ಹಾಲು ಚಹಾ ಬಗ್ಗಿಸಿದಳು,
ಗನ್ನನ್ನು ಒಲೆಯಿಂದ ಮೊಳ ದೂರ ಮಲಗಿಸಿದಳು.
ಎಚ್ಚರವಾದ ಮೇಲೆ ಗಾಳಿ ಹೊಗುವ ಬಾಯಿಗೆ
ನಾಲ್ಕು ಹನಿ ಎಣ್ಣೆ, ಎಳೆಕೂಸಿಗೆ ಮದ್ದು ಬಿಟ್ಟ ಹಾಗೆ.

ಬಾಗಿಲ ಮರದಲ್ಲಿ, ನನ್ನ ಹುಬ್ಬಿನ ಎತ್ತರಕ್ಕೆ,
ಉಕ್ಕಿನ ಚೂರೊಂದು ನಾಟಿಕೊಂಡಿದೆ. ಕೀಳಬೇಡ, ಅಂದಳು.
ಹೊಳೆಯುವ ಸಾಕೆಟ್ಟು ಕೈಗೆ, ಕಪ್ಪು ಸಾಕೆಟ್ಟು ಗನ್ನಿಗೆ.
ನಿನಗಿಂತ ಮುಂಚಿನವನು ಹೊಳೆಯುವುದನ್ನೇ ಸಿಕ್ಕಿಸಿದ್ದ.
ಅವನ ಹೆಸರೇನು, ಅಂತ ಕೇಳಿದೆ.
ಕನ್ನಡಕ ಕೊಟ್ಟಳು.

ಸಾಕೆಟ್ ಬದಲಿಸುವಾಗ ಗಾಳಿ ಮುಚ್ಚು,
ಪೈಪು ಕಳಚು, ಟ್ರಿಗರನ್ನು ಒಮ್ಮೆ ಒತ್ತಿ ನೋಡು:
ಸತ್ತಿತು ಅಂದುಕೊಂಡದ್ದರಲ್ಲೂ
ಒಂದು ಉಸಿರು ಉಳಿದಿರುತ್ತೆ.

ಗನ್ನಿನ ಕೆಲಸ ನಟ್ಟು ಕೂರುವವರೆಗೆ.
ಆಮೇಲಿನದು ಕೈಯದು. ಎದುರು ಬದುರು ಹಿಡಿದು
ಉದ್ದನೆಯ ಟಾರ್ಕ್ ವ್ರೆಂಚಿನಲ್ಲಿ ಎಳೆಯಬೇಕು,
ಸಾಕು ಅನ್ನುವಾಗ ಅದೇ ‘ಕ್ಲಿಕ್’ ಅನ್ನುತ್ತದೆ.
ಅವಳಿಗೆ ಕೇಳಿಸದು. ಮಣಿಕಟ್ಟಿಗೆ ತಿಳಿಯುತ್ತಿತ್ತು ಮೊದಲು,
ಈಗ ಚಳಿಗೆ ಬೆರಳ ತುದಿಗಳು ಮೇಣದ ಹಾಗೆ ಬಿಳಿ,
ಗನ್ನಿನ ನಡುಕ ಒಳಗೇ ಕೂತುಬಿಟ್ಟಿದೆ.
ಅದಕ್ಕೇ ಅವಳು ಎಳೆಯುತ್ತಾಳೆ, ನಾನು ಕಿವಿಗೊಡುತ್ತೇನೆ.
ಅಂದಿತೇನೋ? ಕೂಗುತ್ತಾಳೆ.
ಅಂದಿತು! ಕೂಗುತ್ತೇನೆ. ಹತ್ತು ನಟ್ಟು, ಹತ್ತು ಸಲ.

ಆವತ್ತು ಮುಸ್ಸಂಜೆ. ಪುರೆವ್‌ದಗ್ವಾನ ಲಾರಿ, ಹತ್ತನೇ ನಟ್ಟು.
ಮರಳು ಬೆರೆತ ಗಾಳಿ, ಒಳಗೆ ಸೂಪಿನ ವಾಸನೆ.
ಅಂದಿತೇನೋ? ಅಂದಳು.
ಅಂದಿತೇನೋ, ಅಂದುಕೊಂಡೆ.
ಬಾಯಿ ಮಾತ್ರ ‘ಅಂದಿತು’ ಅಂದಿತು.

ಲಾರಿ ಹೊರಟಿತು. ಸೂಪು ಗಂಟಲಲ್ಲಿ ಇಳಿಯಲಿಲ್ಲ.
ಅರ್ಧ ಬಟ್ಟಲಿಗೆ ಬಾಯಿಬಿಟ್ಟೆ.
ಅವಳು ಬೈಯಲಿಲ್ಲ. ಬೈಕಿನ ಕೀ ಎಸೆದಳು,
ವ್ರೆಂಚನ್ನು ಕೋವಿಯ ಹಾಗೆ ನನ್ನ ಬೆನ್ನಿಗೆ ಬಿಗಿದಳು.

ಹದಿನೇಳು ಕಿಲೋಮೀಟರು, ಮುಂದೆಲ್ಲೋ ಒಂದು ಕೆಂಪು ಚುಕ್ಕೆ.
ಪುರೆವ್‌ದಗ್ವಾ ಬೈಯುತ್ತಲೇ ಇಳಿದ,
ಬೈಯಲಾಗದಂತೆ ಟಾರ್ಚನ್ನು ಬಾಯಲ್ಲಿ ಕಚ್ಚಿ ಹಿಡಿದ.
ಹತ್ತನೆಯದು ಕಾಲು ಸುತ್ತು ತಿರುಗಿತು. ಇನ್ನೂ ಸ್ವಲ್ಪ.
ಅಷ್ಟು ದೊಡ್ಡ ಬಯಲಿನಲ್ಲಿ
ಅಷ್ಟು ಚಿಕ್ಕ ಸದ್ದು.

ಮರಳಿದಾಗ ಬಟ್ಟಲ ಮೇಲೆ ತಟ್ಟೆ ಮುಚ್ಚಿತ್ತು.
ಅಂದಿತೇನೋ? ಅಂದಳು, ನನ್ನ ತುಟಿಯನ್ನೇ ನೋಡುತ್ತ.
ಅಂದಿತು.
ಕಂಪ್ರೆಸರಿನ ನೀರು?

ಟಾರ್ಚು ತೆಗೆದುಕೊಂಡು
ಮತ್ತೆ ಹೊರಗೆ ಹೋದೆ.